ಒಂಬತ್ತರ ಪಟಕ್ಕೆ ಒಂದು ಕೈ

ಆ ದಿನ ಕೆರೆಯ ಏರಿಯ ಮೇಲೆ ನಿಂತು ನಾನು ಒಂದು ಕೈ ಎತ್ತಿದೆನೋ ಎರಡು ಕೈ ಎತ್ತಿದೆನೋ, ನನಗೆ ಗೊತ್ತಿಲ್ಲ. ಇದನ್ನು ವಿನಯದ ಮಾತೆಂದು ತಿಳಿಯಬೇಡಿ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನ್ಯಾಮತಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳುತ್ತಿರುವವನು. ಪ್ರಯೋಗಶಾಲೆಯಲ್ಲಿ ಹುಡುಗರು ಅಳತೆ ಮಾಡದೆ ಅಂದಾಜಿನ ಮೇಲೆ ಅಂಕಿ ಬರೆದರೆ ಇಡೀ ಪುಟಕ್ಕೆ ಅಡ್ಡಗೆರೆ ಹೊಡೆಯುವವನು. ಅಂಥವನಿಗೆ ತನ್ನ ಎರಡು ಕೈಗಳ ಲೆಕ್ಕ ಒಂದು ವರ್ಷದಿಂದ ಸಿಗುತ್ತಿಲ್ಲ.

ವಿಷಯ ಇಷ್ಟು. ಒಂದು ಕೈ ಎತ್ತಿದರೆ ಸಣ್ಣ ಪಟ, ಎರಡೂ ಕೈ ಎತ್ತಿದರೆ ದೊಡ್ಡ ಪಟ ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಗಾಳಿ ಅಳೆಯುವ ಕೆಲಸ ನನ್ನದು, ಪಟ ಕಟ್ಟಿಕೊಂಡು ನೀರಿಗಿಳಿಯುವ ಕೆಲಸ ನನ್ನ ಬಾಮೈದ ತಿಪ್ಪೇಶನದು. ತಿಪ್ಪೇಶ ಕಟ್ಟಿಕೊಂಡದ್ದು ದೊಡ್ಡ ಪಟ. ಗಾಳಿ ಅವನನ್ನು ದಡದಿಂದ ಕಿತ್ತು ಏರಿಯ ಕಲ್ಲುಗಳ ಮೇಲೆ ಎಸೆಯಿತು. ಅವನ ಬಲಗೈ ಈಗ ಹೆಗಲಿನಿಂದ ಮೇಲಕ್ಕೆ ಏಳುವುದಿಲ್ಲ.

ಪಟ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಹಳೆಯ ಪೇಪರಿಗೆ ಅನ್ನದ ಅಗುಳು ಮೆತ್ತಿ, ಕಡ್ಡಿ ಬಗ್ಗಿಸಿ ಮಾಡಿದ ಪಟ ಬಂದರೆ ನಿಮ್ಮ ತಪ್ಪಲ್ಲ. ತಿಪ್ಪೇಶ ಮೊದಲ ಸಲ ಹೇಳಿದಾಗ ನನ್ನ ಮನಸ್ಸಿಗೂ ಬಂದದ್ದು ಅದೇ. ಚನ್ನಗಿರಿಯಲ್ಲಿ ನಾವು ಹುಡುಗರಾಗಿದ್ದಾಗ ಆಷಾಢ ಬಂತೆಂದರೆ ಅಂಥ ಪಟಗಳೇ. ಗಾಳಿ ಜೋರಾದರೆ ನಾವು ಪಟ ಬದಲಿಸುತ್ತಿರಲಿಲ್ಲ, ಇನ್ನೊಂದು ಪಟ ಇದ್ದರಲ್ಲವೆ ಬದಲಿಸುವುದು! ಅಮ್ಮನ ಹಳೆ ಸೀರೆಯಿಂದ ಇನ್ನೊಂದು ಮೊಳ ಹರಿದು ಬಾಲಂಗೋಚಿ ಉದ್ದ ಮಾಡುತ್ತಿದ್ದೆವು. ಪಟ ತೂಕಕ್ಕೆ ತಗ್ಗಿ ನಿಲ್ಲುತ್ತಿತ್ತು. ಗಾಳಿ ಇಳಿದರೆ ಆ ಮೊಳ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು. ಎಷ್ಟು ಮೊಳ ಬೇಕು ಎಂಬುದಕ್ಕೆ ಯಾವ ಪಟ್ಟಿಯೂ ಇರಲಿಲ್ಲ. ದಾರ ಹಿಡಿದ ಬೆರಳಿಗೆ ಅದು ಗೊತ್ತಾಗುತ್ತಿತ್ತು.

ತಿಪ್ಪೇಶನ ಪಟ ಬೇರೆಯ ಜಾತಿ. ಕೈಟ್ ಸರ್ಫಿಂಗ್ ಎನ್ನುತ್ತಾರೆ. ಕಾಲಿಗೆ ಒಂದು ಹಲಗೆ, ಸೊಂಟಕ್ಕೆ ಒಂದು ಅಗಲವಾದ ಪಟ್ಟಿ, ಆ ಪಟ್ಟಿಗೆ ಸಿಕ್ಕಿಸಿದ ಉದ್ದನೆಯ ಹಗ್ಗಗಳು, ಹಗ್ಗದ ತುದಿಯಲ್ಲಿ ಆಕಾಶದಲ್ಲಿ ಬಾಗಿ ನಿಂತ ಬಟ್ಟೆಯ ರೆಕ್ಕೆ. ಅದು ಎಳೆದಂತೆ ಮನುಷ್ಯ ನೀರಿನ ಮೇಲೆ ಜಾರುತ್ತಾ ಹೋಗುತ್ತಾನೆ. ತಿಪ್ಪೇಶ ಜಗಳೂರು ಕಡೆಯ ಗಾಳಿಯಂತ್ರಗಳಲ್ಲಿ ರಿಪೇರಿ ಕೆಲಸದವನು. ಕಂಬದ ಒಳಗಿನ ಏಣಿ ಹತ್ತಿ, ಮೇಲಿನ ಕೋಣೆಯಲ್ಲಿ ಕೂತು, ಬೋಲ್ಟು ಬಿಗಿದು ಇಳಿಯುವ ಕೆಲಸ. ಅದೇ ಕೆಲಸಕ್ಕೆ ಅವನನ್ನು ಮೂರು ವರ್ಷ ತಮಿಳುನಾಡಿನ ಕಡಲ ಕಡೆ ಹಾಕಿದ್ದರು. ರಜೆ ದಿನ ಅಲ್ಲಿ ಯಾರೋ ಕಲಿಸಿದರು, ಇವನು ಕಲಿತ. ಊರಿಗೆ ಮರಳುವಾಗ ಯಾರೋ ಬಳಸಿ ಬಿಟ್ಟ ಎರಡು ಪಟ ಚೀಲದಲ್ಲಿ ತುಂಬಿಕೊಂಡು ಬಂದ. ಒಂದು ಒಂಬತ್ತು ಚದರ ಮೀಟರಿನದು, ಇನ್ನೊಂದು ಹನ್ನೆರಡರದು.

"ಎರಡ್ಯಾಕೋ? ಒಂದು ಹರಿದ್ರೆ ಇನ್ನೊಂದಕ್ಕಾ?" ಎಂದು ಕೇಳಿದೆ.

"ಅಲ್ಲ ಭಾವ. ಗಾಳಿ ಕಡಿಮಿ ಇದ್ರೆ ದೊಡ್ಡದು, ಗಾಳಿ ಜಾಸ್ತಿ ಇದ್ರೆ ಸಣ್ಣದು. ಇದ್ರಾಗೆ ಇರೋ ವಿದ್ಯೆ ಎಲ್ಲಾ ಅಷ್ಟೇ. ಯಾವ ದಿನ ಯಾವುದು ಅಂತ ಹೇಳಾಕೆ ನಿಮ್ಮಂಥೋರು ಬೇಕು."

ಈ ಮಾತಿಗೆ ನಾನು ಉಬ್ಬಿದೆ ಎಂದು ಒಪ್ಪಿಕೊಳ್ಳಲೇಬೇಕು. ನನ್ನ ಓದಿಗೆ ಮನೆಯಲ್ಲಿ ಗಿರಾಕಿಗಳು ಕಡಿಮೆ. ಹೆಂಡತಿ ಮಂಜುಳ ಪ್ರಾಥಮಿಕ ಶಾಲೆಯ ಟೀಚರು, ಅವಳಿಗೆ ನನ್ನ ಭೌತಶಾಸ್ತ್ರ ಬೇಕಾಗುವುದು ಕುಕ್ಕರಿನ ವಾಷರು ಸೋರಿದಾಗ ಮಾತ್ರ. ಹಾಗಾಗಿ ನಾನು ಕೂತು ಶ್ರದ್ಧೆಯಿಂದ ಒಂದು ಪಟ್ಟಿ ತಯಾರಿಸಿದೆ. ಅಡ್ಡಸಾಲಿನಲ್ಲಿ ಗಾಳಿಯ ವೇಗ, ಉದ್ದಸಾಲಿನಲ್ಲಿ ಸವಾರನ ತೂಕ, ನಡುವಿನ ಚೌಕಗಳಲ್ಲಿ ಪಟದ ಅಳತೆ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ ಎಂಬುದನ್ನು ಕೆಳಗೆ ಕೆಂಪು ಅಕ್ಷರದಲ್ಲಿ ಬರೆದೆ. ಹದಿಮೂರು ನಾಟ್, ಅಂದರೆ ಗಂಟೆಗೆ ಸುಮಾರು ಇಪ್ಪತ್ನಾಲ್ಕು ಕಿಲೋಮೀಟರು ಗಾಳಿಗೆ ಹನ್ನೆರಡರ ಪಟ, ಇಪ್ಪತ್ತರ ಹತ್ತಿರ ಬಂದರೆ ಒಂಬತ್ತರದು, ಅದಕ್ಕೂ ಮೇಲಾದರೆ ಮನೆಯಲ್ಲೇ ಇರುವುದು. ನಾಲ್ಕು ಪ್ರತಿ ಮುದ್ರಿಸಿ, ಒಂದನ್ನು ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದೆ. ಮಂಜುಳ ಅದರ ಮೇಲೆ ಹಾಲಿನವನ ಫೋನ್ ನಂಬರು ಬರೆದಳು.

ಗಾಳಿಯಂತ್ರಕ್ಕೂ ಇದೇ ಕಷ್ಟವಿದೆ ಎಂದು ತಿಪ್ಪೇಶ ಹೇಳುತ್ತಿದ್ದ. ಅಷ್ಟು ದೊಡ್ಡ ರೆಕ್ಕೆಯನ್ನು ಗಾಳಿ ಜೋರಾದಾಗ ಬಿಚ್ಚಿ ಸಣ್ಣದು ಹಾಕಲಾಗುವುದಿಲ್ಲ. ಅದಕ್ಕೇ ಅದು ರೆಕ್ಕೆಯ ಮುಖವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡಿಕೊಳ್ಳುತ್ತದಂತೆ. ತೀರಾ ಜೋರಾದರೆ ಪೂರ್ತಿ ಅಂಚು ತಿರುಗಿಸಿ ಸುಮ್ಮನೆ ನಿಂತುಬಿಡುತ್ತದೆ. ಗುಡ್ಡದ ಮೇಲಿನ ಆ ಯಂತ್ರಗಳು ಭಾರಿ ಗಾಳಿಯ ದಿನ ನಿಂತಿರುವುದನ್ನು ಕಂಡು ಕೆಟ್ಟುಹೋಗಿವೆ ಎಂದುಕೊಂಡಿದ್ದ ನಾನು ಅಂದಿನಿಂದ ಅವುಗಳನ್ನು ಬೇರೆ ಗೌರವದಿಂದ ನೋಡತೊಡಗಿದೆ. ಮನುಷ್ಯನಿಗೆ ಹಾಗೆ ತಾನಾಗಿ ಓರೆಯಾಗುವ ಭಾಗ ಇಲ್ಲ. ನನಗಂತೂ ಇರಲಿಲ್ಲ.

ಈಗ ಅತ್ತೆಯ ಬಗ್ಗೆ ಹೇಳಬೇಕು. ಮಂಜುಳ ಮತ್ತು ತಿಪ್ಪೇಶರ ತಾಯಿ. ಜಗಳೂರು ಸೀಮೆಯ ಬೆದ್ದಲು ಹೊಲದಲ್ಲಿ ಬೆಳೆದು, ಬೆಳೆದದ್ದನ್ನು ತೂರಿ, ಕೇರಿ, ಮನೆ ತುಂಬಿಸಿದವರು. ನನ್ನ ಮದುವೆಯಾಗಿ ಇಪ್ಪತ್ತು ವರ್ಷವಾಗಿದೆ, ಇಪ್ಪತ್ತು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಒಂದು ಮಾತು ಆಡಿಲ್ಲ. ಜಗಳವಲ್ಲ, ಮರ್ಯಾದೆ. ಅವರ ಕಾಲದ ಹೆಂಗಸರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಾರೆ. ಮಗಳು ಇಲ್ಲದಿದ್ದರೆ ಬಾಗಿಲಿಗೆ, ಕೊಡಕ್ಕೆ, ಒಣಹಾಕಿದ ಬಟ್ಟೆಗೆ ಹೇಳುತ್ತಾರೆ. "ರೊಟ್ಟಿ ಆರಿ ಹೋಗ್ತಾವೆ, ಉಣ್ಣಾಕೆ ಬರ್ತಾರೇನೋ" ಎಂದು ಬಾಗಿಲಿಗೆ ಹೇಳಿದರೆ ನಾನು ಎದ್ದು ಕೈ ತೊಳೆಯಬೇಕು. "ಇನ್ನೊಂದು ಅರ್ಧ ಗಂಟೆ ಆಗ್ತದೆ" ಎಂದು ನಾನೂ ಬಾಗಿಲಿಗೇ ಉತ್ತರ ಕೊಡುತ್ತೇನೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಇದು ಎಷ್ಟು ಸಲೀಸಾದ ಏರ್ಪಾಡು ಎಂದು ತಿಳಿಯಿತು. ಬೇಡದ ಮಾತಿಗೆ ಸುಮ್ಮನಿದ್ದರೆ ಸಾಕು, ಯಾರಿಗೂ ಅವಮಾನವಿಲ್ಲ, ಏಕೆಂದರೆ ಮಾತು ಆಡಿದ್ದು ಬಾಗಿಲಿಗೆ.

ಕಳೆದ ಆಷಾಢದಲ್ಲಿ ಅತ್ತೆ ಚನ್ನಗಿರಿಗೆ ನಮ್ಮ ಮನೆಗೆ ಬಂದಿದ್ದರು. ಮಂಜುಳ ಎರಡು ದಿನದ ತರಬೇತಿಗೆ ದಾವಣಗೆರೆಗೆ ಹೋಗಿದ್ದಳು. ಬೆಳಿಗ್ಗೆಯ ಬಸ್ಸಿಗೆ ಅತ್ತೆ ಹೊನ್ನಾಳಿಯಲ್ಲಿರುವ ತಂಗಿಯ ಮನೆಗೆ ಹೋಗುವುದೆಂದು ಮಾತಾಗಿತ್ತು. ತಿಪ್ಪೇಶ ಪಟದ ಚೀಲ ಬೈಕಿಗೆ ಕಟ್ಟಿಕೊಂಡು ಮುಂಚೆಯೇ ಸೂಳೆಕೆರೆಯ ಕಡೆ ಹೊರಟಿದ್ದ. ನಾನು ಕಾರು ತೆಗೆಯುವಾಗ ಅತ್ತೆ ಅಂಗಳದಲ್ಲಿ ನಿಂತು ತುಳಸಿಕಟ್ಟೆಗೆ, "ನಾನೂ ಕೆರಿ ನೋಡಿ ಎಷ್ಟು ವರ್ಷಾತೋ" ಎಂದರು. ನಾನು ಹಿಂದಿನ ಬಾಗಿಲು ತೆರೆದೆ. ಹಾಗೆಂದು ನನ್ನ ನೆನಪು. ಇಲ್ಲಿಂದ ಮುಂದಿನದೆಲ್ಲ ನನ್ನ ನೆನಪು ಎಂದೇ ಓದಿಕೊಳ್ಳಿ.

ಗಾಳಿ ಕೆರೆಯ ಉದ್ದಕ್ಕೂ ಏರಿಯ ಕಡೆ ಬೀಸುತ್ತಿತ್ತು. ಮೀನು ಹಿಡಿಯುವವರನ್ನು ಕೇಳಿ, ಏರಿಯ ಇನ್ನೊಂದು ತುದಿಯ ದಡದಲ್ಲಿ, ಬಲೆ ಇಲ್ಲದ ಕಡೆ ತಿಪ್ಪೇಶ ಜಾಗ ಮಾಡಿಕೊಂಡಿದ್ದ. ಏರಿಯಿಂದ ಅವನು ಒಂದು ಬೆರಳಷ್ಟು ಕಾಣುತ್ತಿದ್ದ, ಕೂಗಿದರೆ ಕೇಳಿಸುತ್ತಿರಲಿಲ್ಲ. ನಾನು ಗಾಳಿಮಾಪಕ ತೆಗೆದು, ಪಟ್ಟಿ ಬಿಡಿಸಿ, ಏರಿಯ ಮೇಲೆ ಹೆಜ್ಜೆ ಇಟ್ಟೆನೋ ಇಲ್ಲವೋ ಕಾಗದ ಕೈಯಿಂದ ಹಾರಿತು. ಓಡಿ ಹಿಡಿದೆ. ಮತ್ತೆ ಬಿಡಿಸಿದೆ, ಮತ್ತೆ ಮಡಚಿಕೊಂಡು ಮುಖಕ್ಕೆ ಬಡಿಯಿತು. ಆಗ ನಾನು ಮಾಡಿದ ಕೆಲಸವನ್ನು ನನ್ನ ವಿದ್ಯಾರ್ಥಿಗಳು ಮಾಡಿದ್ದರೆ ವರ್ಷವಿಡೀ ಅದನ್ನು ಉದಾಹರಣೆಯಾಗಿ ಹೇಳುತ್ತಿದ್ದೆ. ಕಾಗದ ಹಾರದ ಜಾಗ ಹುಡುಕಿಕೊಂಡು ಗುಡ್ಡದ ಮರೆಗೆ, ಕಾರು ನಿಲ್ಲಿಸಿದ್ದ ಕಡೆಗೆ ಇಳಿದೆ. ಪಟ್ಟಿಯನ್ನು ಬಾನೆಟ್ಟಿನ ಮೇಲೆ ಹಾಸಿ, ಮೂಲೆಗೆ ಕಲ್ಲಿಟ್ಟು, ಅಲ್ಲೇ ಮಾಪಕ ಹಿಡಿದೆ. ಹದಿಮೂರು. ಇನ್ನೊಮ್ಮೆ ಹಿಡಿದೆ. ಹದಿಮೂರು. ಮೂರು ಸಲ ಅಳೆದು ಸರಾಸರಿ ತೆಗೆಯಬೇಕೆಂಬ ನಿಯಮವನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ ಏರಿ ಹತ್ತಿ ನೋಡಿ ಕೆಳಗೆ ಬಂದರು. ಸೆರಗು ಸೊಂಟಕ್ಕೆ ಬಿಗಿದಿದ್ದರು, ಕೂದಲು ಕೆದರಿತ್ತು. ಅಲ್ಲಿ ಮಗಳಿರಲಿಲ್ಲ, ಮನೆಯ ಬಾಗಿಲಿರಲಿಲ್ಲ. ಕಾರಿನ ಬಾಗಿಲಿನ ಕಡೆ ತಿರುಗಿ ಹೇಳಿದರು:

"ಕಣದಾಗೆ ತೂರಾಕೆ ನಿಂತಾಗ ಇಂಥ ಗಾಳಿ ಬಂದ್ರೆ ನಾವು ದೊಡ್ಡ ಮೊರ ಕೆಳಗಿಟ್ಟು ಸಣ್ಣ ಮೊರ ತಗಂತಿದ್ವಿ. ದೊಡ್ಡದು ಹಿಡಿದ್ರೆ ಹೊಟ್ಟಿನ ಜತಿಗೆ ಕಾಳೂ ಹಾರಿ ಹೋಗ್ತಾವೆ."

ನನ್ನ ಬೆರಳು ಪಟ್ಟಿಯ ಹದಿಮೂರರ ಸಾಲಿನಲ್ಲಿತ್ತು. ನಾನು ಉತ್ತರ ಕೊಡಲಿಲ್ಲ. ಮಾತು ಆಡಿದ್ದು ಕಾರಿನ ಬಾಗಿಲಿಗೆ.

ಆಮೇಲೆ ಏರಿ ಹತ್ತಿದೆ. ಅಂಗಿ ಬೆನ್ನಿಗೆ ಪಟಪಟ ಹೊಡೆಯುತ್ತಿತ್ತು. ಕೆರೆಯ ಮೇಲೆ ಬಿಳಿ ನೊರೆಯ ಸಾಲುಗಳು ಎದ್ದಿದ್ದವು. ಮೈಗೆಲ್ಲ ಗೊತ್ತಾಗುತ್ತಿತ್ತು, ಆದರೆ ತಲೆಯಲ್ಲಿ ಹದಿಮೂರು ಇತ್ತು. ಕೈ ಎತ್ತಿದೆ. ಎಷ್ಟು ಕೈ ಎಂಬುದನ್ನು ಬಿಟ್ಟುಬಿಡಿ, ಎತ್ತಿದೆ. ತಿಪ್ಪೇಶ ಪಟ ಏರಿಸಿದ. ಅವನು ನಿಂತಲ್ಲಿಯೂ ಸ್ವಲ್ಪ ಮರೆಯಿದ್ದಿರಬೇಕು. ಪಟ ಮೇಲೆ ಹೋದದ್ದೇ ತಡ, ಮರೆ ಮುಗಿದ ಎತ್ತರದಲ್ಲಿ ನಿಜವಾದ ಗಾಳಿ ಅದನ್ನು ಹಿಡಿಯಿತು. ಅವನು ಎರಡು ಹೆಜ್ಜೆ ಓಡಿದ, ಮೂರನೆಯದು ನೆಲದ ಮೇಲೆ ಇರಲಿಲ್ಲ. ಪಟದಿಂದ ಬಿಡಿಸಿಕೊಳ್ಳಲು ಪಟ್ಟಿಯಲ್ಲಿರುವ ಕೆಂಪು ಹಿಡಿಯನ್ನು ಹೇಗೋ ಎಳೆದ, ಅದಕ್ಕೇ ಬದುಕಿದ್ದಾನೆ. ಅಷ್ಟರಲ್ಲಿ ಏರಿಯ ಕಲ್ಲುಗಳ ಮೇಲೆ ಬಿದ್ದಿದ್ದ.

ಮೀನಿನವರು ಇಬ್ಬರು ಓಡಿಬಂದು ನನ್ನ ಜೊತೆ ಎತ್ತಿದರು. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಒಬ್ಬ ತಲೆ ಹಿಡಿದು ಕೂತ, ಇನ್ನೊಬ್ಬ ನನ್ನ ಪಕ್ಕ. ಚನ್ನಗಿರಿಯ ಆಸ್ಪತ್ರೆಯವರು ಪಟ್ಟಿ ಕಟ್ಟಿ ದಾವಣಗೆರೆಗೆ ಕರೆದೊಯ್ಯಿರಿ ಎಂದರು, ಕರೆದೊಯ್ದೆ. ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಮತ್ತು ಅವರ ತಂಗಿ, ನನ್ನ ಚಿಕ್ಕತ್ತೆ, ಅಕ್ಕಪಕ್ಕ ಕೂತಿದ್ದನ್ನು ಕಂಡೆ. ಕಂಡಾಗ ನನಗೆ ಏನೂ ಹೊಳೆಯಲಿಲ್ಲ. ಅತ್ತೆಯನ್ನು ಏರಿಯ ಮೇಲೆ ಬಿಟ್ಟು ಬಂದೆನೆಂಬುದು ಹೊಳೆದದ್ದು ಎರಡು ದಿನದ ಮೇಲೆ, ಹಲ್ಲುಜ್ಜುವಾಗ.

ಮಂಜುಳ ಆಗ ಅಡುಗೆಮನೆಯಲ್ಲಿದ್ದಳು. ಬಾಯಿ ಮುಕ್ಕಳಿಸದೆಯೇ ಹೋಗಿ, "ಅತ್ತೆ ಆವತ್ತು ಏರಿಯಿಂದ ಹೆಂಗೆ ಬಂದ್ರು?" ಎಂದೆ.

"ಯಾವ ಏರಿ? ಅವ್ವ ಹೊನ್ನಾಳ್ಯಾಗಿದ್ಲಲ್ಲ. ಬೆಳಿಗ್ಗಿ ಬಸ್ಸಿಗೆ ಹೋಗಿದ್ಲು, ಸುದ್ದಿ ಕೇಳಿ ಚಿಕ್ಕವ್ವನ ಜತಿಗೆ ಆಸ್ಪತ್ರಿಗೆ ಬಂದ್ಲು."

"ನನ್ನ ಜೊತೆ ಕೆರೆಗೆ ಬಂದಿದ್ರು. ಸಣ್ಣ ಪಟ ಕಟ್ಟು ಅಂತ ಹೇಳಿದ್ರು."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ನೀರಿನ ಕೊಡಕ್ಕೆ ಹೇಳುತ್ತಿದ್ದರು. "ನಾನ್ಯಾವಾಗ ಕೆರಿಗೆ ಹೋಗಿದ್ದೆ? ನಾನು ಹೊನ್ನಾಳ್ಯಾಗಿದ್ದೆ."

ಮಂಜುಳ ನನ್ನ ಮುಖ ನೋಡಿದಳು. "ನಿದ್ದಿ ಇಲ್ಲದೆ ಎರಡು ದಿನ ಆತು ನಿಮಗೆ. ಮಕ್ಕೊಳ್ರಿ ಸ್ವಲ್ಪ" ಎಂದಳು.

ಇತ್ತ ತಿಪ್ಪೇಶ ಆಸ್ಪತ್ರೆಯ ಮಂಚದ ಮೇಲಿಂದ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಭಾವ ಒಂದೇ ಕೈ ಎತ್ತಿದ್ರು. ನಾನೇ ಆಸೆಗೆ ಬಿದ್ದು ದೊಡ್ಡದು ಕಟ್ಟಿದೆ." ನೆಂಟರು ಅವನನ್ನು ಬೈದರು, ನನ್ನನ್ನು ಸಮಾಧಾನ ಮಾಡಿದರು. ಮೊದಲ ವಾರ ನಾನೂ ಅದನ್ನೇ ನಂಬಿದೆ. ನಂಬುವುದು ಎಷ್ಟು ಹಿತವಾಗಿತ್ತೆಂದರೆ, ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ "ನಾನು ಸಣ್ಣದೇ ಅಂತ ಹೇಳಿದ್ದೆ" ಎಂದು ನಾನೇ ಹೇಳಿಬಿಟ್ಟೆ. ಹೇಳಿದ ಮೇಲೆ ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಏಕೆಂದರೆ ಎರಡೂ ಕೈ ಎತ್ತಿದಾಗ ಪ್ಯಾಂಟಿನೊಳಗಿಂದ ಅಂಗಿ ಮೇಲೆ ಬಂದು ಸೊಂಟಕ್ಕೆ ತಣ್ಣನೆ ಗಾಳಿ ತಾಗಿದ್ದು ನನಗೆ ನೆನಪಿತ್ತು. ಒಂದು ಕೈ ಎತ್ತಿದರೆ ಅಂಗಿ ಒಂದೇ ಕಡೆ ಹೊರಬರುತ್ತದೆ. ನನಗೆ ನೆನಪಿರುವ ತಂಪು ಎರಡೂ ಕಡೆಯದು.

ಇದನ್ನು ಪರೀಕ್ಷಿಸಲು ಮಲಗುವ ಮನೆಯ ಕನ್ನಡಿಯ ಮುಂದೆ ನಿಂತು ಕೈ ಎತ್ತಿ ನೋಡಿದೆ. ಒಂದು, ಎರಡು, ಮತ್ತೆ ಒಂದು. ಮಂಜುಳ ಬಾಗಿಲಲ್ಲಿ ನಿಂತು, "ಯಾರಿಗೆ ಶರಣಾಗಾಕೆ ಹತ್ತೀರಿ?" ಎಂದಳು. ಅವಳು ಹೋದ ಮೇಲೆ ನನಗೆ ನಾನು ಮಾಡಿದ ಹಾನಿ ತಿಳಿಯಿತು. ಈಗ ನನ್ನ ಸೊಂಟದ ತಂಪು ಕೆರೆಯ ಏರಿಯದೋ ನನ್ನ ಮನೆಯ ಫ್ಯಾನಿನದೋ ಹೇಳುವಂತಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ನಾನೇ ಮುಟ್ಟಿ ಕೆಡಿಸಿದ್ದೆ.

ನೆನಪಿನ ಬಗ್ಗೆ ನನಗೆ ಮೊದಲಿಂದ ನಂಬಿಕೆ ಕಡಿಮೆ. ಅದು ಪೆಟ್ಟಿಗೆಯಲ್ಲಿಟ್ಟ ಕಾಗದವಲ್ಲ, ಪ್ರತಿ ಸಲ ತೆಗೆದಾಗಲೂ ಮತ್ತೆ ಬರೆದು ಇಡುವ ಕಾಗದ ಎಂದು ಓದಿದ್ದೇನೆ, ತರಗತಿಯಲ್ಲಿ ಹೇಳಿಯೂ ಇದ್ದೇನೆ. ತಪ್ಪು ಮಾಡಿದವನ ಮನಸ್ಸು ಇನ್ನೂ ಮೋಸ. ಆಗಬಾರದ್ದು ಆದ ಮೇಲೆ, ಯಾರೋ ಮೊದಲೇ ಎಚ್ಚರಿಸಿದ್ದರು ಎಂದು ಅದು ತಾನೇ ಕಟ್ಟಿಕೊಳ್ಳಬಹುದು. ಮೊರದ ಮಾತು ಅಷ್ಟು ಚೆನ್ನಾಗಿರುವುದೇ ನನ್ನ ಸಂಶಯಕ್ಕೆ ಕಾರಣವಾಯಿತು. ಅತ್ತೆ ಎಷ್ಟೋ ವರ್ಷದ ಹಿಂದೆ ಜಗಳೂರಿನ ಹಿತ್ತಿಲಲ್ಲಿ ಆಡಿದ ಮಾತನ್ನು ನಾನೇ ತಂದು ಕೆರೆಯ ಹತ್ತಿರ ಇಟ್ಟಿರಬಾರದೇಕೆ? ಅತ್ತೆ ಅಲ್ಲಿರಲಿಲ್ಲ ಎಂದಾದರೆ ನನ್ನ ನೆನಪು ಕಟ್ಟುಕತೆ, ಎರಡು ಕೈಯೂ ಕಟ್ಟುಕತೆ, ತಿಪ್ಪೇಶ ಹೇಳುವುದೇ ನಿಜ. ಅತ್ತೆ ಅಲ್ಲಿದ್ದರು ಎಂದಾದರೆ ನನ್ನ ನೆನಪು ಗಟ್ಟಿ. ಆಗ ಕೈಯೂ ಎರಡು. ಅಲ್ಲದೆ, ಎಚ್ಚರಿಕೆ ಕೇಳಿಯೂ ಎತ್ತಿದ ಕೈ.

ಹೀಗೆ ವರ್ಷ ಕಳೆಯಿತು. ತಿಪ್ಪೇಶನನ್ನು ಏಣಿ ಹತ್ತುವ ಕೆಲಸದಿಂದ ಬಿಡಿಸಿ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದ್ದಾರೆ. ಯಾವ ಯಂತ್ರ ತಿರುಗುತ್ತಿದೆ, ಯಾವುದು ನಿಂತಿದೆ ಎಂದು ನೋಡುವ ಕೆಲಸ. "ಮ್ಯಾಲೆ ಹತ್ತಿದ್ರೆ ಇಡೀ ಸೀಮೆ ಕಾಣ್ತಿತ್ತು ಭಾವ. ಈಗ ಬರೀ ಹಸಿರು ಚುಕ್ಕಿ, ಕೆಂಪು ಚುಕ್ಕಿ" ಎಂದು ಒಮ್ಮೆ ಹೇಳಿದ. ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಈ ಆಷಾಢದಲ್ಲಿ ಅವನ ಫೋನು ಬಂತು. "ಭಾನುವಾರ ಕೆರಿಗೆ ಹೋಗಾನ ಭಾವ. ಡಾಕ್ಟ್ರು ಹೂಂ ಅಂದಾರೆ. ಎಳೆತ ಎಲ್ಲಾ ಸೊಂಟಕ್ಕೆ ಬೀಳೋದು, ಕೈ ಎದಿ ಮಟ್ಟಕ್ಕೆ ಇದ್ರೆ ಸಾಕು. ನೀವೇ ಮೀಟರ್ ಹಿಡೀಬೇಕು."

"ನಾನು ಬೇಡ ಕಣೋ. ಬೇರೆ ಯಾರನ್ನಾದ್ರೂ ಕರ್ಕೊ."

"ಯಾಕ್ರಿ? ಹೋದ್ಸಲ ನೀವು ಸರಿಯಾಗೇ ಹೇಳಿದ್ರಲ್ಲ. ಕೇಳದಿದ್ದೋನು ನಾನು. ಈ ಸಲ ನೀವು ಹೇಳಿದ್ದು ದಾಟಾಂಗಿಲ್ಲ."

ಈ ಕೊನೆಯ ಮಾತು ಕೇಳಿ ನನಗೆ ಭಯವಾಯಿತು. ಹೋದ ಸಲದ ನನ್ನ ಸರಿತನದ ಮೇಲೆ ಅವನು ಈ ಸಲದ ಮೈಮೂಳೆಯನ್ನು ಇಟ್ಟಿದ್ದ. ಆ ಸರಿತನವೇ ಸುಳ್ಳಾಗಿದ್ದರೆ? ನಾನು ಬರುವುದಿಲ್ಲ ಎಂದರೆ ಅವನು ಒಬ್ಬನೇ ಹೋಗುವವನು. ಬರುತ್ತೇನೆ ಎಂದೆ.

ಅತ್ತೆ ಆ ವಾರ ನಮ್ಮ ಮನೆಯಲ್ಲೇ ಇದ್ದರು. ಭಾನುವಾರ ನಾನು ಕಾರಿನ ಹತ್ತಿರ ಹೋಗುವ ಮೊದಲೇ ಹಿಂದಿನ ಸೀಟಿನಲ್ಲಿ ರೊಟ್ಟಿಯ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಂಜುಳ, "ಅವ್ವಗೂ ಕೆರಿ ನೋಡಬೇಕಂತೆ, ಒಮ್ಮೆನೂ ನೋಡಿಲ್ಲಂತೆ" ಎಂದಳು. ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು.

ಈ ಸಲ ಪಟ್ಟಿ ಒಯ್ಯಲಿಲ್ಲ. ಏರಿಯ ಮೇಲೆ, ನಟ್ಟನಡುವೆ ನಿಂತು, ಮಾಪಕವನ್ನು ತಲೆಯ ಮೇಲೆ ಹಿಡಿದೆ. ಹದಿನಾರು, ಹತ್ತೊಂಬತ್ತು, ಹದಿನೇಳು. ಬಹಳ ಹೊತ್ತು ಹಿಡಿದಿದ್ದೆ. ಕಡಲಿನ ಗಾಳಿ ಒಂದೇ ಸಮನೆ ಬರುತ್ತದಂತೆ. ನಮ್ಮ ಕೆರೆಯ ಗಾಳಿ ಎರಡು ಗುಡ್ಡದ ನಡುವೆ ನುಸುಳಿ ಬರುವಂಥದ್ದು, ಅದಕ್ಕೆ ಸರಾಸರಿ ಎಂಬುದಿಲ್ಲ. ಅದು ಒಮ್ಮೆ ತೋರಿಸುವ ದೊಡ್ಡ ಅಂಕಿಗೇ ಪಟ ಆರಿಸಬೇಕು. ಇಷ್ಟು ಕಲಿಯಲು ನಾನು ತೆತ್ತ ಬೆಲೆ ಇನ್ನೊಬ್ಬನ ಹೆಗಲು.

ಕೆಳಗಿಳಿದು ಬಂದೆ. ಅತ್ತೆ ಕಾರಿನ ಪಕ್ಕ ನಿಂತಿದ್ದರು. ನಾನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ನಾನಾಗಿಯೇ ಮಾತು ಶುರು ಮಾಡಿದೆ. ಕಾರಿನ ಬಾಗಿಲಿಗೆ ಹೇಳಿದೆ:

"ಈ ಗಾಳಿಗೆ ಯಾವ ಮೊರ ಹಿಡೀಬೇಕೋ ಏನೋ."

ಅತ್ತೆ ಏರಿಯ ಕಡೆಗೊಮ್ಮೆ ನೋಡಿದರು. ಆಮೇಲೆ ಅದೇ ಬಾಗಿಲಿಗೆ ಹೇಳಿದರು. "ಹೋದ್ಸಲದಷ್ಟು ಜೋರಿಲ್ಲ. ಆದ್ರೂ ಸಣ್ಣದೇ ಇರ್ಲಿ."

ನಾನು ಏರಿ ಹತ್ತಿದೆ. ಮುಂದೆಂದೂ ಸಂಶಯ ಬಾರದಿರಲೆಂದು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು, ಬಲಗೈ ಒಂದನ್ನೇ ಎತ್ತಿ, ನೋಯುವವರೆಗೂ ಹಿಡಿದಿದ್ದೆ. ದೂರದಿಂದ ತಿಪ್ಪೇಶನೂ ಕೈ ಎತ್ತಿದ. ಎಡಗೈ. ಎತ್ತಲು ಅವನಿಗೆ ಇರುವುದು ಅದೊಂದೇ.

ಒಂಬತ್ತರ ಪಟ ಏರಿತು. ಅವನು ನೀರಿನ ಮೇಲೆ ಗೆರೆ ಎಳೆದಂತೆ ಕೆರೆಯ ನಡುವಿಗೆ ಹೋದ, ತಿರುಗಿದ, ಬಂದ. ಐದು ಸಲ. ಮೀನಿನವರು ತೆಪ್ಪ ನಿಲ್ಲಿಸಿ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಆದರೆ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ ಮಾತು. ಹೋದ್ಸಲದಷ್ಟು. ಕೆರೆಯನ್ನು ಒಮ್ಮೆಯೂ ನೋಡದವರಿಗೆ ಹೋದ ಸಲದ ಗಾಳಿ ಹೇಗೆ ಗೊತ್ತು? ಕೇಳಿ ತಿಳಿದಿರಬಹುದು ಎಂದು ನನ್ನೊಳಗಿನ ಮೇಷ್ಟ್ರು ಅಡ್ಡಗೆರೆ ಹೊಡೆದ. ವಾಪಸು ಹೊರಡುವಾಗ ಅತ್ತೆ ಒಳಗೆ ಕೂತು, ಬಾಗಿಲು ಹಾಕಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿ ಚಾಲೂ ಮಾಡಿದೆ.

ಮುಂದಿನ ವಾರ ಪರೀಕ್ಷೆಯ ಕೆಲಸದ ನೆಪದಲ್ಲಿ ಹೊನ್ನಾಳಿಗೆ ಹೋದೆ. ಚಿಕ್ಕತ್ತೆ ಅಕ್ಕನಂತಲ್ಲ, ಮುಖ ನೋಡಿಯೇ ಮಾತಾಡುತ್ತಾರೆ, ಬೈಯುವುದೂ ಮುಖ ನೋಡಿಯೇ. ಮಂಡಕ್ಕಿ ಕಲಸಿ ಮುಂದಿಟ್ಟು, "ಏನಪ್ಪ ಮೇಷ್ಟ್ರೇ, ದಾರಿ ತಪ್ಪಿ ಬಂದ್ರೇನು?" ಎಂದರು. ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿದೆ. "ಹೋದ ವರ್ಷ ತಿಪ್ಪೇಶ ಬಿದ್ದ ದಿನ ಅತ್ತೆ ಇಲ್ಲೇ ಇದ್ರಲ್ಲ, ಆಸ್ಪತ್ರೆಗೆ ಇಬ್ರೂ ಒಂದೇ ಬಸ್ಸಿಗೆ ಬಂದ್ರೇನು?"

"ಅಕ್ಕನಾ? ಇಲ್ಲೆಲ್ಲಿದ್ಲು? ಬೆಳಿಗ್ಗಿ ಬರ್ತೀನಿ ಅಂತ ಹೇಳಿ ಕಳಿಸಿದ್ಲು, ಒಬ್ಬಟ್ಟು ಮಾಡ್ಕೊಂಡು ಕಾದಿದ್ದೇ ಬಂತು. ಮಧ್ಯಾಹ್ನ ನನ್ನ ಮಗ ದಾವಣಗೆರಿಯಿಂದ ಫೋನ್ ಮಾಡ್ದ, ಹಿಂಗಾಗೈತೆ ಬಾ ಅಂತ. ನಾನು ಒಬ್ಬಾಕೇ ಬಸ್ ಹತ್ತಿದೆ. ಅಕ್ಕ ನನ್ನ ಮನ್ಯಾಗಿದ್ರೆ ನಾನ್ಯಾಕೆ ಒಬ್ಬಾಕೇ ಬರ್ತಿದ್ದೆ?"

"ನೀವು ಹೋದಾಗ ಅವರು?"

"ಆಗ್ಲೇ ಬೆಂಚಿನ ಮ್ಯಾಲೆ ಕುಂತಿದ್ಲು. ಸೀರಿ ಅಂಚಿಗೆ ಮೊಣಕಾಲ ತನಕ ಕೆಸರು ಒಣಗಿತ್ತು. ಎಲ್ಲಿ ಹೊಕ್ಕು ಬಂದ್ಯೇ ಅಂದೆ. ಸುಮ್ನಿರು, ನಿನ್ನ ಮನ್ಯಾಗಿದ್ದೆ ಅಂತ ಹೇಳು ಅಂದ್ಲು. ನನ್ನನ್ನ ಇಷ್ಟು ದಿನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಯಾಕಪ್ಪ, ಮಂಡಕ್ಕಿ ಖಾರ ಆತಾ?"

ಖಾರವಾಗಿದೆ ಎಂದು ಕಣ್ಣೊರೆಸಿಕೊಂಡೆ. ಎಚ್ಚರಿಕೆ ಕೇಳಿಯೂ ಕೈ ಎತ್ತಿದವನೆಂದು ಅಳಿಯನನ್ನು ಯಾರೂ ಅನ್ನಬಾರದೆಂದು ಅತ್ತೆ ಆ ಕೆರೆಯಿಂದ ತನ್ನನ್ನೇ ಅಳಿಸಿಕೊಂಡಿರಬೇಕು.

ತುಂಗಭದ್ರೆಯ ಸೇತುವೆಯ ಪಕ್ಕದಲ್ಲಿ ಕಾರು ನಿಲ್ಲಿಸಿ ತಿಪ್ಪೇಶನಿಗೆ ಫೋನು ಮಾಡಿದೆ. ಅತ್ತೆಯ ಮಗನಿಗೂ ಬಾಗಿಲ ಮೂಲಕ ಹೇಳಬೇಕಾದ ಕಟ್ಟಳೆ ನನಗಿಲ್ಲ. "ಹೋದ ವರ್ಷ ನಾನು ಎರಡೂ ಕೈ ಎತ್ತಿದ್ದೆ ಕಣೋ. ಗಾಳಿ ಮರೆಯಲ್ಲಿ ಅಳೆದಿದ್ದೆ. ನೀನು ನಾನು ಹೇಳಿದ್ದನ್ನೇ ಕಟ್ಟಿದೆ" ಎಂದೆ. ಅತ್ತ ಕಡೆಯಿಂದ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಬಂತು.

"ಈಗ್ಲೇ ಮೂರು ಯಂತ್ರ ಅಂಚು ತಿರುವಿ ನಿಂತಾವೆ ನೋಡ್ರಿ ಭಾವ" ಎಂದ. "ಇಲ್ಲಿ ಭಾರಿ ಗಾಳಿ ಐತೆ ಇವತ್ತು. ಈ ಭಾನುವಾರನೂ ಬರ್ತೀರಲ್ಲ? ಅವ್ವನ್ನೂ ಕರ್ಕೊಂಡು ಬರ್ರಿ."

ನಾನು ಒಪ್ಪಿಕೊಂಡದ್ದಕ್ಕೆ ಅವನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆದ್ದರಿಂದ ಕೈಯ ವಿಷಯದಲ್ಲಿ ನನ್ನ ಬಳಿ ಇವತ್ತಿಗೂ ಸಾಕ್ಷಿಯಿಲ್ಲ, ನನ್ನ ಸೊಂಟದ ತಂಪೊಂದನ್ನು ಬಿಟ್ಟು. ಈ ಬರಹದಲ್ಲಿ ನಾನು ಖುದ್ದಾಗಿ ಹೋಗಿ, ಕೇಳಿ, ಖಾತ್ರಿ ಮಾಡಿಕೊಂಡ ಸಂಗತಿ ಒಂದೇ ಒಂದು: ತಿಪ್ಪೇಶ ಬಿದ್ದ ದಿನ ನನ್ನ ಅತ್ತೆ ಹೊನ್ನಾಳಿಯಲ್ಲಿ ಇರಲಿಲ್ಲ.